ಮೂರು ದಿನ ನಿಲ್ಲಿಸಿದರೆ ಕಾರು ಸ್ಟಾರ್ಟ್ ಆಗುತ್ತಿಲ್ಲ: ಬ್ಯಾಟರಿಯ ಕರೆಂಟು ಎಲ್ಲಿ ಸೋರುತ್ತಿದೆ?

ಪ್ರಶ್ನೆ:
ನನ್ನದು ಹನ್ನೊಂದು ವರ್ಷ ಹಳೆಯ ಪೆಟ್ರೋಲ್ ಕಾರು. ವಾರವಿಡೀ ಶಿವಮೊಗ್ಗದ ಮನೆಯ ಮುಂದೆ ನಿಂತಿರುತ್ತದೆ. ಶನಿವಾರ ಸಾಗರದ ಬಳಿಯ ತೋಟಕ್ಕೆ ಹೋಗಿಬರುತ್ತೇನೆ. ಈ ಮಳೆಗಾಲ ಶುರುವಾದಂದಿನಿಂದ, ಮೂರ್ನಾಲ್ಕು ದಿನ ನಿಲ್ಲಿಸಿ ಕೀಲಿ ತಿರುಗಿಸಿದರೆ ಟಕಟಕ ಸದ್ದು ಬರುತ್ತದೆ, ಡ್ಯಾಶ್‌ಬೋರ್ಡಿನ ದೀಪಗಳು ಮಂಕಾಗುತ್ತವೆ, ಎಂಜಿನ್ ಮಾತ್ರ ತಿರುಗುವುದಿಲ್ಲ. ದಿನವೂ ಓಡಿಸಿದ ವಾರ ಏನೂ ತೊಂದರೆಯಿಲ್ಲ. ಗ್ಯಾರೇಜಿನವರ ಮಾತಿನಂತೆ 35 ಆಂಪಿಯರ್-ಅವರ್‌ನ ಹೊಸ ಬ್ಯಾಟರಿ ಹಾಕಿಸಿದೆ; ಮೂರನೆಯ ವಾರಕ್ಕೆ ಅದೂ ಕೈಕೊಟ್ಟಿತು. ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಿದ್ದ ಬೆಳಿಗ್ಗೆ ಪಕ್ಕದ ಮನೆಯವರು ಜಂಪರ್ ಕೇಬಲ್ ಹಾಕಿಕೊಟ್ಟಿದ್ದರಿಂದ ಹೊರಡಲು ಸಾಧ್ಯವಾಯಿತು. ಇನ್ನೂ ಹಣ ಸುರಿಯುವ ಮೊದಲು ಏನನ್ನು ಪರೀಕ್ಷಿಸಬೇಕು?

ಮೊದಲ ಉತ್ತರ:
ದಿನವೂ ಓಡಿಸಿದರೆ ತೊಂದರೆಯಿಲ್ಲ ಎಂದಿದ್ದೀರಿ. ಹಾಗಾದರೆ ಬ್ಯಾಟರಿಗಿಂತ ಸೋರಿಕೆಯ ಮೇಲೆಯೇ ನನಗೆ ಅನುಮಾನ. ಆದರೂ ಮೊದಲು ವೋಲ್ಟೇಜ್ ನೋಡಿ. ಪೂರ್ತಿ ಚಾರ್ಜ್ ಆಗಿ ವಿಶ್ರಾಂತಿಯಲ್ಲಿರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, ಎಂಜಿನ್ ಓಡುವಾಗ 13.8ರಿಂದ 14.4ರವರೆಗೆ ಇದ್ದರೆ ಆಲ್ಟರ್ನೇಟರ್ (ಎಂಜಿನ್ ಜೊತೆ ತಿರುಗಿ ಬ್ಯಾಟರಿ ತುಂಬಿಸುವ ಜನರೇಟರ್) ಚಾರ್ಜ್ ಮಾಡುತ್ತಿದೆ ಎಂದರ್ಥ. ನಂತರ ಎಲ್ಲವನ್ನೂ ಆಫ್ ಮಾಡಿ, ಮೈನಸ್ ಟರ್ಮಿನಲ್ ಬಿಚ್ಚಿ, ಟರ್ಮಿನಲ್ಲಿಗೂ ಕೇಬಲ್ಲಿಗೂ ನಡುವೆ ಮಲ್ಟಿಮೀಟರನ್ನು (ವೋಲ್ಟೇಜ್, ಕರೆಂಟು ಅಳೆಯುವ ಮೀಟರ್) 10 ಆಂಪಿಯರ್ ಸಾಕೆಟ್ಟಿನಲ್ಲಿ ಜೋಡಿಸಿ. ಕಾರಿನ ಎಲೆಕ್ಟ್ರಾನಿಕ್ಸ್ ಮಲಗಲು ಅರ್ಧ ಗಂಟೆ ಬಿಡಿ; ಆಮೇಲೆ 20ರಿಂದ 50 ಮಿಲಿಆಂಪಿಯರ್ ತೋರಿಸಿದರೆ ಅದು ಸಹಜ. ಅರ್ಧ ಆಂಪಿಯರ್‌ನ ಹತ್ತಿರವಿದ್ದರೆ 72 ಗಂಟೆಗೆ ಸುಮಾರು 36 ಆಂಪಿಯರ್-ಅವರ್ ಸೋರುತ್ತದೆ, ಹಾಗಾಗಿ ನಿಮ್ಮ 35ರ ಬ್ಯಾಟರಿ ಮೂರು ದಿನಕ್ಕೆ ಖಾಲಿಯಾಗುವುದು ಲೆಕ್ಕಕ್ಕೆ ಸರಿಯಾಗಿ ಕೂಡುತ್ತದೆ. ಮೀಟರ್ ಹೀಗೆ ಜೋಡಿಸಿರುವಾಗ ದಯವಿಟ್ಟು ಕೀಲಿ ತಿರುಗಿಸಬೇಡಿ. ಸ್ಟಾರ್ಟರ್ ಎಳೆಯುವ ಕರೆಂಟಿಗೆ ಮೀಟರಿನ ಫ್ಯೂಸ್ ಹಾರಿಹೋಗುತ್ತದೆ.

ಎರಡನೆಯ ಉತ್ತರ:
ಮೇಲಿನವರು ಹೇಳಿದ್ದು ಸರಿ. ಸೋರಿಕೆ ಕಂಡರೆ ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತಾ ಬನ್ನಿ. ಯಾವುದನ್ನು ಕಿತ್ತಾಗ ಅಂಕಿ ದಿಢೀರನೆ ಇಳಿಯುತ್ತದೋ ದೋಷ ಆ ಸಾಲಿನಲ್ಲಿದೆ. ಹೊರಗಿನಿಂದ ಹಾಕಿಸಿದ ಸ್ಟೀರಿಯೊ, ಡ್ಯಾಶ್‌ಕ್ಯಾಮ್, ಟ್ರ್ಯಾಕರ್ ಇದ್ದರೆ ಅವುಗಳಿಂದಲೇ ಆರಂಭಿಸಿ. ಬ್ಯಾಟರಿಯನ್ನು ಕರೆಂಟಿನ ಚಾರ್ಜರಿನಲ್ಲಿ ನಿಧಾನವಾಗಿ ಪೂರ್ತಿ ತುಂಬಿಸಿ. ಖಾಲಿ ಸ್ಥಿತಿಯಲ್ಲೇ ಬಿಟ್ಟಷ್ಟೂ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ, ಹೊಸ ಬ್ಯಾಟರಿಯ ಆಯಸ್ಸೂ ಮೊಟಕಾಗುತ್ತದೆ.

ಪ್ರಶ್ನೆ ಕೇಳಿದವರಿಂದ:
ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೀಟರ್ 0.45 ಆಂಪಿಯರ್ ತೋರಿಸಿತು. ಒಳದೀಪಗಳ ಫ್ಯೂಸ್ ಕಿತ್ತ ಕೂಡಲೇ 0.03ಕ್ಕೆ ಇಳಿಯಿತು. ಒಳಗಿನ ದೀಪ ಆರಿಯೇ ಇತ್ತು, ಹೀಗಾಗಿ ಫೋನಿನಲ್ಲಿ ವಿಡಿಯೊ ಚಾಲೂ ಮಾಡಿ ಡಿಕ್ಕಿಯಲ್ಲಿಟ್ಟು ಮುಚ್ಚಳ ಹಾಕಿದೆ. ತೆಗೆದು ನೋಡಿದರೆ, ಐದು ನಿಮಿಷವೂ ಡಿಕ್ಕಿಯ ಐದು ವ್ಯಾಟಿನ ಬಲ್ಬು ಉರಿಯುತ್ತಲೇ ಇತ್ತು. ಮಳೆನೀರು ಇಳಿದು ಲಾಕಿನೊಳಗಿನ ಸ್ವಿಚ್ ತುಕ್ಕು ಹಿಡಿದು ಅಂಟಿಕೊಂಡಿತ್ತು. ಬಲ್ಬು ಬಿಚ್ಚಿಟ್ಟು, ಬ್ಯಾಟರಿಯನ್ನು ರಾತ್ರಿಯಿಡೀ ಚಾರ್ಜ್ ಮಾಡಿಸಿ, ನಾಲ್ಕು ದಿನ ಕಾರನ್ನು ಮುಟ್ಟದೆ ಬಿಟ್ಟೆ. ಇಂದು ಬೆಳಿಗ್ಗೆ 12.5 ವೋಲ್ಟ್ ಇತ್ತು, ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಸ್ವಿಚ್ಚಿನ ಜೊತೆಗೆ ಡಿಕ್ಕಿಯ ರಬ್ಬರನ್ನೂ ಈ ವಾರವೇ ಬದಲಿಸುತ್ತೇನೆ.