ಬಿಳಿತನವು ಮೈಬಣ್ಣವಲ್ಲವೆಂದರೆ ಮತ್ತೇನು?

ಪ್ರಶ್ನೆ: ಬಸವನಗುಡಿಯ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು 31 ವರ್ಷ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು. ಕಳೆದ ಭಾನುವಾರ ನಮ್ಮ ಬಡಾವಣೆಯ ಓದುಗರ ಕೂಟದಲ್ಲಿ ವರ್ಣಭೇದದ ಮಾತು ಬಂದಾಗ, ಕಾಲೇಜು ಓದುವ ಹುಡುಗಿಯೊಬ್ಬಳು ‘ಬಿಳಿತನವೆಂಬುದು ಹುಟ್ಟಿನಿಂದ ಬರುವುದಲ್ಲ, ಸಮಾಜ ಕಟ್ಟಿಕೊಂಡದ್ದು’ ಎಂದಳು. ನನಗೆ ಅದು ಅರಗಲಿಲ್ಲ. ಮೆಲನಿನ್ ಹೆಚ್ಚಿದ್ದರೆ ಚರ್ಮ ಕಪ್ಪು, ಕಡಿಮೆಯಿದ್ದರೆ ಬಿಳುಪು. ಇದನ್ನು ಎಷ್ಟೋ ಮಕ್ಕಳಿಗೆ ಪಾಠ ಮಾಡಿದ್ದೇನೆ. ಕಣ್ಣಿಗೆ ಕಾಣುವುದನ್ನು ಸಮಾಜ ಹೇಗೆ ಕಟ್ಟೀತು? ಇನ್ನೊಂದು ಸಂದೇಹವೂ ಇದೆ. ಬಿಳಿಯನಾಗಿರುವುದೇ ಒಂದು ಸವಲತ್ತು ಎನ್ನುತ್ತಾರೆ. ಅಮೆರಿಕದ ಅಪಲಾಚಿಯಾ ಬೆಟ್ಟಗಳ ಕಲ್ಲಿದ್ದಲು ಗಣಿಯಲ್ಲಿ ದುಡಿದು ಶ್ವಾಸಕೋಶ ಕೆಡಿಸಿಕೊಂಡ ಬಿಳಿಯ ಕೂಲಿಗೆ ಯಾವ ಸವಲತ್ತು ದಕ್ಕಿತು? ಅಂದು ನಾನು ಆ ಹುಡುಗಿಯ ಮೇಲೆ ಸ್ವಲ್ಪ ದನಿಯೇರಿಸಿದೆ. ಮುಂದಿನ ಕೂಟಕ್ಕೆ ತಿಳಿದುಕೊಂಡು ಹೋಗಬೇಕೆಂದು ಕೇಳುತ್ತಿದ್ದೇನೆ.

ಉತ್ತರ: ಮಲ್ಲೇಶ್ವರದ ವಕೀಲೆ

ಮೇಷ್ಟ್ರೇ, ಮೆಲನಿನ್ ಇರುವುದು ನಿಜ. ಆದರೆ ಅದು ಎಲ್ಲಿಯೂ ಗೆರೆ ಎಳೆಯುವುದಿಲ್ಲ. ಬಿಸಿಲಿನ ತೀವ್ರತೆ ಕಡಿಮೆಯಾದ ಸೀಮೆಗಳತ್ತ ಹೋದಂತೆ ಬಣ್ಣ ಸ್ವಲ್ಪ ಸ್ವಲ್ಪವೇ ತಿಳಿಯಾಗುತ್ತ ಹೋಗುತ್ತದೆ, ಅಷ್ಟೆ. ‘ಇಲ್ಲಿಂದಾಚೆಯವರು ಬಿಳಿಯರು’ ಎಂಬ ಗೆರೆಯನ್ನು ಎಳೆದದ್ದು ಮನುಷ್ಯರು, ಅದನ್ನು ಕಾದದ್ದು ಕಾನೂನು. ಆ ಕೈಯನ್ನು ಹತ್ತಿರದಿಂದ ನೋಡಬೇಕಾದರೆ ಅಮೆರಿಕದ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಒಟ್ಟಿಗೆ ಓದಬೇಕು.

ಹೊರಗಿನಿಂದ ಬಂದವರಲ್ಲಿ ‘ಸ್ವತಂತ್ರ ಬಿಳಿಯ ವ್ಯಕ್ತಿ’ಗೆ ಮಾತ್ರ ಪೌರತ್ವ ಎಂದು ಅಲ್ಲಿಯ 1790ರ ಕಾನೂನು ಹೇಳಿತ್ತು. ಅಂತರ್ಯುದ್ಧದ ನಂತರ, 1870ರಲ್ಲಿ, ಆಫ್ರಿಕಾ ಮೂಲದವರನ್ನೂ ಸೇರಿಸಿದರು. ಏಷ್ಯಾದವರು ಹೊರಗೇ ಉಳಿದರು. ಇಪ್ಪತ್ತು ವರ್ಷ ಅಲ್ಲಿಯೇ ಬಾಳಿದ್ದ, ಮನೆಯಲ್ಲಿಯೂ ಇಂಗ್ಲಿಷನ್ನೇ ಆಡುತ್ತಿದ್ದ ಜಪಾನಿನ ಟಕಾವೊ ಒಝಾವಾ ಪೌರತ್ವ ಕೇಳಿದಾಗ, 1922ರ ನವೆಂಬರಿನಲ್ಲಿ ನ್ಯಾಯಾಲಯವು ಮೈಬಣ್ಣವನ್ನು ಅಳತೆಗೋಲಾಗಿ ಇಟ್ಟುಕೊಳ್ಳಲು ಬರುವುದಿಲ್ಲ, ಬಿಳಿಯ ಎಂದರೆ ಕಕೇಶಿಯನ್ ಜನಾಂಗದವನು (ಯುರೋಪಿನವರನ್ನು ಅಂದಿನ ವಿದ್ವಾಂಸರು ಸೇರಿಸಿದ್ದ ಗುಂಪಿನವನು) ಎಂದು ತೀರ್ಪಿತ್ತಿತು. ಮೂರೇ ತಿಂಗಳ ಬಳಿಕ, 1923ರ ಫೆಬ್ರುವರಿಯಲ್ಲಿ, ಪಂಜಾಬಿನ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆ ಬಂತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು ಅವರು. ವಿದ್ವಾಂಸರ ವರ್ಗೀಕರಣದ ಪ್ರಕಾರ ತಾನು ಕಕೇಶಿಯನ್ನನೇ ಎಂದು ವಾದಿಸಿದರು. ಹಿಂದಿನ ತೀರ್ಪನ್ನು ಬರೆದಿದ್ದ ನ್ಯಾಯಮೂರ್ತಿ ಜಾರ್ಜ್ ಸದರ್ಲೆಂಡ್ ಅವರೇ ಈಗ, ಶಾಸ್ತ್ರ ಏನೇ ಹೇಳಲಿ, ಸಾಮಾನ್ಯ ಮನುಷ್ಯನ ತಿಳಿವಳಿಕೆಯಲ್ಲಿ ಯಾರು ಬಿಳಿಯನೋ ಅವನೇ ಬಿಳಿಯ ಎಂದು ಬರೆದರು. ಒಬ್ಬನಿಗೆ ಬಣ್ಣ ಸಾಲದೆಂದು ಶಾಸ್ತ್ರವನ್ನು ತಂದರು, ಇನ್ನೊಬ್ಬನಿಗೆ ಶಾಸ್ತ್ರ ಸಾಲದೆಂದು ಲೋಕರೂಢಿಯನ್ನು ತಂದರು. ಇಬ್ಬರ ಪಾಲಿಗೂ ಬಾಗಿಲು ಮುಚ್ಚಿತು.

ಇದು ಪದಗಳ ಆಟವಾಗಿ ಉಳಿಯಲಿಲ್ಲ. ಆ ತೀರ್ಪಿನ ಬೆನ್ನಲ್ಲೇ, ಅದಾಗಲೇ ಪೌರರಾಗಿದ್ದ ಭಾರತೀಯರ ಪೌರತ್ವವನ್ನೂ ಕಿತ್ತುಕೊಳ್ಳತೊಡಗಿದರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಂಗಡಿ ನಡೆಸುತ್ತಿದ್ದ ವೈಷ್ಣೋ ದಾಸ್ ಬಗಾಯಿ ಪೌರತ್ವವನ್ನೂ ಆಸ್ತಿಯನ್ನೂ ಕಳೆದುಕೊಂಡು 1928ರಲ್ಲಿ ಪ್ರಾಣ ಬಿಟ್ಟರು. ಅವರ ಚರ್ಮದ ಬಣ್ಣ 1921ರಲ್ಲಿ ಪೌರತ್ವ ಸಿಕ್ಕಿದ ದಿನ ಹೇಗಿತ್ತೋ ಕೊನೆಗೂ ಹಾಗೆಯೇ ಇತ್ತು.

ಉತ್ತರ: ವಿಜಯನಗರದ ಇತಿಹಾಸ ವಿದ್ಯಾರ್ಥಿ

ಬಡ ಬಿಳಿಯನ ಪ್ರಶ್ನೆಯನ್ನು ಮೇಷ್ಟ್ರು ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಬಿಳಿತನದ ಬೇರು ಇರುವುದೇ ಅಲ್ಲಿ. ಅಮೆರಿಕದಲ್ಲಿ ಬ್ರಿಟಿಷರ ವಸಾಹತಾಗಿದ್ದ ವರ್ಜೀನಿಯಾದಲ್ಲಿ 1676ರಲ್ಲಿ ಗವರ್ನರನ ವಿರುದ್ಧ ನಡೆದ ಬೇಕನ್ ದಂಗೆಯಲ್ಲಿ ಯುರೋಪಿನಿಂದ ಬಂದ ಜೀತದಾಳುಗಳೂ ಆಫ್ರಿಕಾ ಮೂಲದ ದುಡಿಮೆಗಾರರೂ ಜೊತೆಯಾಗಿ ಆಯುಧ ಹಿಡಿದಿದ್ದರು. ಅದಾದ ಮೇಲೆ, 1691ರಲ್ಲಿ ಬಿಳಿಯರು ಕರಿಯರನ್ನೂ ಮೂಲನಿವಾಸಿಗಳನ್ನೂ ಮದುವೆಯಾಗಬಾರದೆಂಬ ಕಾನೂನು ಬಂತು, 1705ರಲ್ಲಿ ಗುಲಾಮಗಿರಿಯ ಕಟ್ಟಲೆಗಳೆಲ್ಲ ಒಂದೆಡೆ ಸೇರಿ ಬಿಗಿಯಾದವು. ಬಡ ಬಿಳಿಯನಿಗೆ ಜಮೀನು ಸಿಗಲಿಲ್ಲ. ತನಗಿಂತ ಕೆಳಗೆ ಒಬ್ಬನಿದ್ದಾನೆಂಬ ಭರವಸೆ ಮಾತ್ರ ಸಿಕ್ಕಿತು. ಈ ಭರವಸೆಯನ್ನೇ ಅಮೆರಿಕದ ಕರಿಯ ವಿದ್ವಾಂಸ ಡು ಬೋಯ್ಸ್ 1935ರಲ್ಲಿ ಒಂದು ಬಗೆಯ ಕೂಲಿ ಎಂದು ಕರೆದರು: ಕೈಗೆ ಬರುವ ಸಂಬಳ ಅಷ್ಟಕ್ಕಷ್ಟೇ ಆದರೂ ಸಾರ್ವಜನಿಕ ಉದ್ಯಾನದೊಳಗೆ ಪ್ರವೇಶ, ತನ್ನವರೇ ತುಂಬಿರುವ ಪೊಲೀಸ್ ಪಡೆ, ಕೋರ್ಟಿನಲ್ಲಿ ಸಡಿಲಿಕೆ.

ಮುಂದೆ ಅದು ಆಸ್ತಿಯೂ ಆಯಿತು. 1930ರ ದಶಕದಲ್ಲಿ ಸರ್ಕಾರಿ ಬೆಂಬಲದ ಗೃಹಸಾಲಕ್ಕಾಗಿ ನಗರಗಳ ನಕ್ಷೆ ಬರೆದಾಗ ಕರಿಯರು ವಾಸಿಸುವ ಕೇರಿಗಳಿಗೆ ಕೆಂಪು ಬಳಿದು ‘ಅಪಾಯಕಾರಿ’ ಎಂದು ಗುರುತಿಸಿದರು. ಆ ಸಾಲದಲ್ಲಿ ಮನೆ ಕಟ್ಟಿದವನ ಮಕ್ಕಳಿಗೆ ಮನೆ ಉಳಿಯಿತು, ಸಾಲ ಸಿಗದವನ ಮಕ್ಕಳಿಗೆ ಬಾಡಿಗೆ ಚೀಟಿ ಉಳಿಯಿತು. ತಾವು ಹೇಳಿದ ಗಣಿ ಕೂಲಿಯ ಶ್ವಾಸಕೋಶ ಕೆಟ್ಟದ್ದು ಸುಳ್ಳಲ್ಲ. ಆದರೆ ಅದೇ ಗಣಿಗಳಲ್ಲಿ ಕರಿಯ ಕೂಲಿಗಳೂ ಇದ್ದರು. ದೂಳು ಇಬ್ಬರಿಗೂ ಇತ್ತು, ನಕ್ಷೆಯ ಕೆಂಪು ಒಬ್ಬನಿಗೆ ಮಾತ್ರ.

ಉತ್ತರ: ಲಿಂಗರಾಜಪುರದಿಂದ

ಅಮೆರಿಕದ ಮಾತು ಸಾಕಷ್ಟಾಯಿತು, ನಮ್ಮ ಮನೆಯ ಮಾತು ಹೇಳುತ್ತೇನೆ. ನಮ್ಮ ತಂದೆಯವರು ಮಹಡಿಯ ಮನೆಯನ್ನು ಬಾಡಿಗೆಗೆ ಕೊಡುತ್ತಿದ್ದರು. ಒಮ್ಮೆ ಫ್ರಾನ್ಸಿನ ಯುವಕನೊಬ್ಬ ಬಂದ. ಅಮ್ಮ ಅವನನ್ನು ನಡುಮನೆಯಲ್ಲಿ ಕೂರಿಸಿ, ನೆಂಟರಿಗೆಂದು ಎತ್ತಿಟ್ಟಿದ್ದ ಬೆಳ್ಳಿ ಲೋಟದಲ್ಲಿ ಕಾಫಿ ಕೊಟ್ಟರು. ಎರಡು ತಿಂಗಳ ಬಾಡಿಗೆ ಅಡ್ವಾನ್ಸ್ ಸಾಕೆಂದರು. ಪಾಸ್‌ಪೋರ್ಟಿನ ನಕಲು ಕೇಳಲು ವಾರ ಕಳೆಯಿತು. ಅವನು ಊರಿಗೆ ಮರಳಿದ ಮೇಲೆ ಕಾಂಗೋದಿಂದ ಬಂದ ವಿದ್ಯಾರ್ಥಿಯೊಬ್ಬ ಗೇಟಿನ ಹೊರಗೆ ನಿಂತು ವಿಚಾರಿಸಿದ. ಗೇಟಿನ ಚಿಲಕ ತೆಗೆಯದೆಯೇ ಮಾತು ನಡೆಯಿತು. ಹತ್ತು ತಿಂಗಳ ಅಡ್ವಾನ್ಸ್, ಕಾಲೇಜಿನ ಪತ್ರ, ಪೊಲೀಸ್ ಠಾಣೆಯ ಚೀಟಿ, ರಾತ್ರಿ ಸ್ನೇಹಿತರು ಬರಬಾರದೆಂಬ ಮಾತು. ಇಬ್ಬರ ಬಳಿಯೂ ಒಂದೇ ರೀತಿಯ ವೀಸಾ ಕಾಗದವಿತ್ತು. ಫ್ರಾನ್ಸಿನವನು ಯಾವ ಸವಲತ್ತನ್ನೂ ಕೇಳಿರಲಿಲ್ಲ, ತನಗೆ ಸಿಕ್ಕಿದೆಯೆಂದು ಅವನಿಗೆ ಗೊತ್ತಾಗಲೂ ಇಲ್ಲ.

ಈ ಅಭ್ಯಾಸ ನಮ್ಮ ಊರಿಗೆ ಹೊಸದಲ್ಲ. 1809ರಲ್ಲಿ ಬ್ರಿಟಿಷರು ಬೆಂಗಳೂರಿನಲ್ಲಿ ದಂಡನ್ನು, ಅಂದರೆ ಕಂಟೋನ್ಮೆಂಟನ್ನು, ನೆಲೆಗೊಳಿಸಿದ ಮೇಲೆ ಪೇಟೆಯೇ ಬೇರೆ, ದಂಡೇ ಬೇರೆ ಎಂಬಂತಾಯಿತು. 1949ರವರೆಗೂ ಎರಡಕ್ಕೂ ಬೇರೆ ಬೇರೆ ಪುರಸಭೆಗಳಿದ್ದವು. ಭಾರತೀಯ ನ್ಯಾಯಾಧೀಶರು ಯುರೋಪಿಯನ್ನರನ್ನು ವಿಚಾರಣೆ ಮಾಡಬಹುದೆಂಬ ಇಲ್ಬರ್ಟ್ ಮಸೂದೆ 1883ರಲ್ಲಿ ಬಂದಾಗ ದೇಶದ ಬಿಳಿಯರು ಎದ್ದು ಕೂಗಾಡಿ, ತಮ್ಮ ವಿಚಾರಣೆಯಲ್ಲಿ ಜ್ಯೂರಿಯ ಅರ್ಧದಷ್ಟಾದರೂ ತಮ್ಮವರೇ ಇರಬೇಕೆಂಬ ಹಕ್ಕನ್ನು ಉಳಿಸಿಕೊಂಡರು. ಇನ್ನು ವೈಟ್‌ಫೀಲ್ಡ್: ಆ ಹೆಸರು ಬಣ್ಣದಿಂದ ಬಂದದ್ದಲ್ಲ, ವೈಟ್ ಎಂಬುವರ ಮನೆತನದ ಹೆಸರು. 1882ರಲ್ಲಿ ಅದನ್ನು ನೆಲೆಗೊಳಿಸಿದ್ದು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ನರಿಗಾಗಿ, ಅಂದರೆ ಯುರೋಪ್ ಮತ್ತು ಭಾರತ ಎರಡರ ರಕ್ತವೂ ಬೆರೆತವರಿಗಾಗಿ. ಅವರಲ್ಲಿ ಎಷ್ಟೋ ಮಂದಿಗೆ ಯುರೋಪಿನ ಹೆಸರು, ಭಾಷೆ, ಧರ್ಮ ಎಲ್ಲವೂ ಇದ್ದವು. ಆದರೂ ಆಳುವವರ ಸಾಲಿನಲ್ಲಿ ಅವರಿಗೆ ಜಾಗವಿರಲಿಲ್ಲ.

ಉತ್ತರ: ಕೆಂಗೇರಿಯಿಂದ

ವಕೀಲೆಯವರು ಹೇಳದೆ ಬಿಟ್ಟ ಒಂದು ಸಂಗತಿಯನ್ನು ಸೇರಿಸಬೇಕು. ಥಿಂಡ್ ಅವರ ಪರವಾಗಿ ನ್ಯಾಯಾಲಯದ ಮುಂದಿಟ್ಟ ವಾದದಲ್ಲಿ, ಅವರು ಮೇಲ್ಜಾತಿಯ ಆರ್ಯರು, ಅಮೆರಿಕದವರು ಕರಿಯರೊಂದಿಗೆ ಮದುವೆಯನ್ನು ಹೇಗೆ ಕಾಣುತ್ತಾರೋ ಮೇಲ್ಜಾತಿಯ ಹಿಂದೂ ಇಲ್ಲಿಯ ಮೂಲನಿವಾಸಿಗಳೊಂದಿಗಿನ ಮದುವೆಯನ್ನು ಹಾಗೆಯೇ ಕಾಣುತ್ತಾನೆ ಎಂಬ ಮಾತಿತ್ತು. ಗೋಡೆ ತಪ್ಪೆಂದು ಅವರು ವಾದಿಸಲಿಲ್ಲ. ನನ್ನನ್ನು ಒಳಗೆ ಬಿಡಿ, ಹೊರಗಿರಬೇಕಾದವರು ಬೇರೆಯವರು ಎಂದರು. ಅವರಿಗೆ ಅನ್ಯಾಯವಾಯಿತೆಂದು ನಾವೆಲ್ಲ ಮರುಗುತ್ತೇವೆ, ಮರುಗಲೂಬೇಕು. ಆದರೆ ನನ್ನ ಅಜ್ಜಿಯಂಥವರನ್ನು ಎಲ್ಲಿ ನಿಲ್ಲಿಸಿ ಅವರು ಬಿಳಿತನ ಕೇಳಿದರೆಂಬುದನ್ನು ನಾನು ಮರೆಯಲಾರೆ.

ಜಾತಿಯೂ ಬಿಳಿತನವೂ ಒಂದೇ ಎನ್ನುತ್ತಿಲ್ಲ. ಜಾತಿಯನ್ನು ಮುಖ ನೋಡಿ ಹೇಳಲಾಗದು, ಅದಕ್ಕೇ ಊರು, ಅಡ್ಡಹೆಸರು, ಊಟ ಎಲ್ಲವನ್ನೂ ಕೇಳುತ್ತಾರೆ. ಆದರೆ ಸವಲತ್ತು ಕೆಲಸ ಮಾಡುವ ರೀತಿ ಒಂದೇ: ಉಂಡವನಿಗೆ ಅದು ಸವಲತ್ತೆಂದು ತೋರುವುದಿಲ್ಲ, ಸಹಜವೆಂದು ತೋರುತ್ತದೆ. ಲಿಂಗರಾಜಪುರದವರು ಹೇಳಿದ ಹತ್ತು ತಿಂಗಳ ಅಡ್ವಾನ್ಸಿನ ಮಾತನ್ನು ಈ ನಗರದಲ್ಲಿ ನಾನೂ ಕೇಳಿಸಿಕೊಂಡಿದ್ದೇನೆ, ಅದೂ ಕನ್ನಡದಲ್ಲೇ.

ಬಸವನಗುಡಿಯ ಮೇಷ್ಟ್ರು

ಎಲ್ಲರಿಗೂ ಕೃತಜ್ಞತೆಗಳು. ಮೆಲನಿನ್ ಪಾಠದಲ್ಲಿ ನಾನು ಬಣ್ಣದ ಕಾರಣವನ್ನು ಹೇಳಿದ್ದೆ, ಬಣ್ಣಕ್ಕೆ ಬೆಲೆ ಕಟ್ಟಿದವರು ಯಾರೆಂದು ಹೇಳಿರಲಿಲ್ಲ. ಎರಡೂ ಒಂದೇ ಎಂದುಕೊಂಡದ್ದು ನನ್ನ ತಪ್ಪು. ಎರಡು ತೀರ್ಪುಗಳ ವಿವರವನ್ನು ಬರೆದುಕೊಂಡಿದ್ದೇನೆ, ಕೂಟದಲ್ಲಿ ಓದಿ, ಆ ಹುಡುಗಿಯ ಬಳಿ ಅಂದಿನ ನನ್ನ ಮಾತಿಗೆ ಕ್ಷಮೆ ಕೇಳುತ್ತೇನೆ. ಲಿಂಗರಾಜಪುರದವರಿಗೆ ಒಂದು ಪ್ರಶ್ನೆ: ಆ ಕಾಂಗೋದ ವಿದ್ಯಾರ್ಥಿಗೆ ನಿಮ್ಮ ಮನೆ ಸಿಕ್ಕಿತೇ?

ಲಿಂಗರಾಜಪುರದಿಂದ

ಇಲ್ಲ ಮೇಷ್ಟ್ರೇ. ಹಣ ಹೊಂದಿಸಲು ಅವನು ಒಂದು ವಾರ ಕೇಳಿದ್ದ, ತಂದೆಯವರು ಆಗಲಿ ಎಂದಿದ್ದರು. ನಾಲ್ಕನೆಯ ದಿನವೇ ಮನೆಯನ್ನು ಬೇರೆಯವರಿಗೆ ಕೊಟ್ಟರು. ಅವನು ಅಡ್ವಾನ್ಸ್ ಹಿಡಿದು ಬಂದಾಗ ಆ ಮಾತು ಹೇಳಲು ಗೇಟಿನ ಬಳಿಗೆ ನನ್ನನ್ನು ಕಳಿಸಿದರು.