ಫಿಸಿಕ್ಸ್ ಓದಿ ಹೈಸ್ಕೂಲಿನಲ್ಲಿ ಪಾಠ ಮಾಡಬೇಕು, ಯಾವ ಡಿಗ್ರಿ ಸರಿ? – ಓದುಗರ ಸ್ಪಂದನ

ಹೈಸ್ಕೂಲಿನಲ್ಲಿ ಫಿಸಿಕ್ಸ್ ಕಲಿಸುವ ಆಸೆಯಿರುವ ಓದುಗರೊಬ್ಬರು ಪತ್ರ ಬರೆದು, ಸಂಶೋಧನೆಯ ಕಡೆ ಒಯ್ಯುವ ಡಿಗ್ರಿ, ಶಿಕ್ಷಕ ತರಬೇತಿ ಸೇರಿದ ಡಿಗ್ರಿ, ಅನ್ವಯಿಕ ಫಿಸಿಕ್ಸ್ ಡಿಗ್ರಿ, ಈ ಮೂರರಲ್ಲಿ ಯಾವುದು ಸರಿ ಎಂದು ಕೇಳಿದ್ದರು. ‘ಬರೀ ಹೈಸ್ಕೂಲಿಗೆ ಇಷ್ಟೆಲ್ಲ ಫಿಸಿಕ್ಸ್ ಯಾಕೆ’ ಎಂದು ಕೆಲವರು ತಮಗೆ ಹೇಳಿದ್ದಾರೆ ಎಂದೂ ಬರೆದಿದ್ದರು. ಅವರಿಗೆ ಬಂದ ಉತ್ತರಗಳು ಇಲ್ಲಿವೆ.

ಹೈಸ್ಕೂಲ್ ಶಿಕ್ಷಕಿ
‘ಬರೀ ಹೈಸ್ಕೂಲಿಗೆ ಇಷ್ಟೆಲ್ಲ ಫಿಸಿಕ್ಸ್ ಯಾಕೆ’ ಎಂದು ನಿಮಗೆ ಹೇಳಿದವರ ಮಾತನ್ನು ತಲೆಗೆ ಹಾಕಿಕೊಳ್ಳಬೇಡಿ. ಮಕ್ಕಳ ಕೈಗೆ ಒಂದು ಬ್ಯಾಟರಿ, ಒಂದು ಬಲ್ಬು, ಒಂದು ತುಂಡು ತಂತಿ ಕೊಟ್ಟು ಬಲ್ಬು ಹೊತ್ತಿಸಿ ಅನ್ನಿ. ಎಷ್ಟೋ ಮಕ್ಕಳು ಬ್ಯಾಟರಿಯ ಒಂದು ತುದಿಯಿಂದ ಬಲ್ಬಿನ ಬುಡಕ್ಕೆ ತಂತಿ ಮುಟ್ಟಿಸಿ ಸುಮ್ನೆ ಕಾಯುತ್ತಾರೆ. ಕರೆಂಟು ಹೋಗಿ ಬಲ್ಬಿನಲ್ಲಿ ಖರ್ಚಾಗುತ್ತದೆ, ವಾಪಸ್ ಬರುವ ದಾರಿ ಬೇಕಿಲ್ಲ ಅನ್ನುವುದು ಅವರ ಲೆಕ್ಕ. ಒಂದೇ ಥರದ ಎರಡು ಬಲ್ಬುಗಳನ್ನು ಸಾಲಾಗಿ ಜೋಡಿಸಿದರೆ ಮೊದಲನೆಯದೇ ಜಾಸ್ತಿ ಬೆಳಗುತ್ತದೆ ಅಂತಲೂ ಹೇಳುತ್ತಾರೆ. ಇದೇ ಮಕ್ಕಳು ಓಮನ ನಿಯಮದ ಲೆಕ್ಕಕ್ಕೆ ಪೂರ್ತಿ ಅಂಕ ತೆಗೆದಿರುತ್ತಾರೆ! ಗೊಂದಲ ಎಲ್ಲಿ ಹುಟ್ಟಿತು ಅಂತ ಹಿಡಿಯಬೇಕಾದರೆ ವಿಷಯ ಗಟ್ಟಿಯಾಗಿ ಗೊತ್ತಿರಬೇಕು, ಮಕ್ಕಳು ಹೇಗೆ ಯೋಚಿಸುತ್ತಾರೆ ಅನ್ನುವುದೂ ಗೊತ್ತಿರಬೇಕು. ಹಾಗಾಗಿ ಶಿಕ್ಷಕ ತರಬೇತಿ ಸೇರಿದ ಡಿಗ್ರಿ ನೋಡುವಾಗ, ಫಿಸಿಕ್ಸ್ ಕಲಿಸುವುದಕ್ಕೇ ಅಂತ ಬೇರೆ ಪೇಪರ್ ಇದೆಯಾ ನೋಡಿ. ಎಲ್ಲ ವಿಷಯದವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಬೋಧನಾ ವಿಧಾನ ಹೇಳಿ ಮುಗಿಸುವ ಕಡೆ ನಾನಂತೂ ಸೇರುತ್ತಿರಲಿಲ್ಲ.

ಪಿಎಚ್‌ಡಿ ಮುಗಿಸಿ ಲ್ಯಾಬ್‌ನಲ್ಲಿರುವವನು
ಮೇಲಿನ ಮೇಡಂ ಹೇಳಿದ್ದು ಸರಿಯೇ, ಆದರೆ ಈಗಲೇ ಒಂದು ಬಾಗಿಲು ಮುಚ್ಚಿಕೊಳ್ಳಬೇಡಿ. ಡಿಗ್ರಿಯ ಹೆಸರು ಬಿಡಿ, ಪಠ್ಯಕ್ರಮದ ಪಟ್ಟಿ ಓದಿ. ಮೆಕ್ಯಾನಿಕ್ಸ್, ವಿದ್ಯುತ್ ಮತ್ತು ಕಾಂತತೆ, ಕ್ವಾಂಟಂ, ಥರ್ಮಲ್ ಫಿಸಿಕ್ಸ್, ಇವು ಎಲ್ಲ ದಾರಿಯಲ್ಲೂ ಇರಬೇಕು. ಸಂಶೋಧನೆಯ ಕಡೆ ಹೋಗುವವರಿಗೆ ಕ್ವಾಂಟಂ, ಎಲೆಕ್ಟ್ರೋಡೈನಾಮಿಕ್ಸ್ ಎರಡರಲ್ಲೂ ಮುಂದಿನ ಭಾಗ ಇರುತ್ತದೆ, ಗಣಿತವೂ ಜಾಸ್ತಿ. ಶಿಕ್ಷಕರ ದಾರಿಯಲ್ಲಿ ಸಾಮಾನ್ಯವಾಗಿ ಅದನ್ನು ಬಿಟ್ಟು ಆ ಜಾಗದಲ್ಲಿ ಖಗೋಳ, ಒಂದಿಷ್ಟು ರಸಾಯನಶಾಸ್ತ್ರ, ಶಾಲೆಯಲ್ಲಿ ಪಾಠದ ಅಭ್ಯಾಸ ಇಟ್ಟಿರುತ್ತಾರೆ. ಮುಂದೆ ಮಾಸ್ಟರ್ಸ್ ಮಾಡುವ ಆಸೆ ಚೂರು ಇದ್ದರೂ ಬಿಟ್ಟುಹೋದ ಆ ಕ್ವಾಂಟಂ ಪೇಪರನ್ನು ಐಚ್ಛಿಕವಾಗಿಯಾದರೂ ತಗೊಳ್ಳಿ. ಡಿಫರೆನ್ಷಿಯಲ್ ಈಕ್ವೇಶನ್, ಲೀನಿಯರ್ ಆಲ್ಜಿಬ್ರಾ ಬಿಡಲೇಬೇಡಿ. ಅನ್ವಯಿಕ ಫಿಸಿಕ್ಸ್ ಅಂದರೆ ಎಲೆಕ್ಟ್ರಾನಿಕ್ಸ್, ಆಪ್ಟಿಕ್ಸ್, ಪ್ರೋಗ್ರಾಮಿಂಗ್. ನಿಮ್ಮ ಪತ್ರದಲ್ಲಿ ಅದರ ಬಗ್ಗೆ ಉತ್ಸಾಹವೇ ಕಾಣಲಿಲ್ಲ, ಅಲ್ವಾ?

ಕಾಲೇಜು ಉಪನ್ಯಾಸಕ
ವಿಷಯ ಗೊತ್ತಿದ್ದರೆ ಪಾಠ ತಾನಾಗಿ ಬರುತ್ತದೆ ಅನ್ನುವವರಿಗೆ ಒಂದು ಮಾತು. 1992ರಲ್ಲಿ ಹೆಸ್ಟಿನಿಸ್, ವೆಲ್ಸ್, ಸ್ವ್ಯಾಕ್‌ಹ್ಯಾಮರ್ ಎಂಬ ಮೂವರು ಫಿಸಿಕ್ಸ್ ಬೋಧಕರು ಬಲದ ಪರಿಕಲ್ಪನೆ ಬಗ್ಗೆ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಅದರಲ್ಲಿ ಅಂಕಿ ಹಾಕಿ ಬಿಡಿಸುವ ಲೆಕ್ಕವೇ ಇಲ್ಲ. ದೊಡ್ಡ ಲಾರಿ ಸಣ್ಣ ಕಾರಿಗೆ ಗುದ್ದಿದರೆ ಯಾವುದರ ಮೇಲೆ ಬಲ ಜಾಸ್ತಿ, ಇಂಥ ಪ್ರಶ್ನೆಗಳು. ಉತ್ತರ, ಎರಡರ ಮೇಲೂ ಸಮ ಬಲ. ನ್ಯೂಟನ್ನನ ಮೂರನೆಯ ನಿಯಮ (ಪ್ರತಿ ಕ್ರಿಯೆಗೂ ಅಷ್ಟೇ ಪ್ರಮಾಣದ, ಎದುರು ದಿಕ್ಕಿನ ಪ್ರತಿಕ್ರಿಯೆ ಇರುತ್ತದೆ) ಬಾಯಿಪಾಠ ಇದ್ದವರೂ ಇಲ್ಲಿ ಎಡವುತ್ತಾರೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಫಿಸಿಕ್ಸ್ ಪ್ರಾಧ್ಯಾಪಕ ಎರಿಕ್ ಮಜೂರ್ ತಮ್ಮ ವಿದ್ಯಾರ್ಥಿಗಳೂ ಇಂಥ ಪ್ರಶ್ನೆಗಳಿಗೆ ತಡವರಿಸಿದ್ದನ್ನು ನೋಡಿ ಪಾಠ ಮಾಡುವ ರೀತಿಯನ್ನೇ ಬದಲಿಸಿದರು. ಪ್ರಶ್ನೆ ಹಾಕುವುದು, ಪಕ್ಕದವರ ಜೊತೆ ವಾದ ಮಾಡಲು ಬಿಡುವುದು, ಮತ್ತೆ ಉತ್ತರ ಕೇಳುವುದು. ಕಲಿಸುವುದಕ್ಕೂ ಕಲಿಕೆ ಬೇಕು ಸ್ವಾಮಿ.

ಶಾಲೆ ನಡೆಸುವವರು
ಚಿಕ್ಕ ಮಾತು. ಬರೀ ಫಿಸಿಕ್ಸ್ ಡಿಗ್ರಿ ಸಾಕಾ, ಬೋಧನಾ ಅರ್ಹತೆ ಡಿಗ್ರಿಯ ಒಳಗೇ ಸಿಗುತ್ತದಾ, ಆಮೇಲೆ ಬೇರೆ ಓದಬೇಕಾ, ಇದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಜರ್ಮನಿಯಲ್ಲಿ ಹೈಸ್ಕೂಲ್ ಶಿಕ್ಷಕರಾಗುವವರು ಸಾಮಾನ್ಯವಾಗಿ ಎರಡು ವಿಷಯ ಓದುತ್ತಾರೆ. ನಿಮಗೂ ಎರಡನೆಯ ವಿಷಯವಾಗಿ ಗಣಿತ ಇರಲಿ, ಸಣ್ಣ ಶಾಲೆಗಳಲ್ಲಿ ಫಿಸಿಕ್ಸ್ ಒಂದರಿಂದಲೇ ವಾರದ ಪೀರಿಯಡ್ ತುಂಬುವುದಿಲ್ಲ. ಸೇರುವ ಮೊದಲು ನಿಮ್ಮಲ್ಲಿ ಶಿಕ್ಷಕರ ನೇಮಕದ ನಿಯಮ ಏನಿದೆ ಅಂತ ಬರಹದಲ್ಲೇ ಕೇಳಿಟ್ಟುಕೊಳ್ಳಿ.

ಕೊನೆಯ ವರ್ಷದ ವಿದ್ಯಾರ್ಥಿನಿ
ನಿಮ್ಮದೇ ಗೊಂದಲ ನನಗೂ ಇತ್ತು. ಮೊದಲ ವರ್ಷದವರ ಲ್ಯಾಬ್‌ನಲ್ಲಿ ಸಹಾಯಕ್ಕೆ ನಿಂತೆ. ಲೋಲಕದ ಗುಂಡು ಭಾರ ಮಾಡಿದರೆ ಬೇಗ ತೂಗುತ್ತದೆ ಅಂತ ಒಬ್ಬ ಹಟ ಹಿಡಿದಿದ್ದ. ನಾನು ಉತ್ತರ ಹೇಳಲಿಲ್ಲ, ಸ್ಟಾಪ್‌ವಾಚ್ ಕೊಟ್ಟೆ. ಗುಂಡು ಬದಲಿಸಿ ಬದಲಿಸಿ ಅಳೆದ, ಆಮೇಲೆ ತಾನಾಗೇ ದಾರ ಗಿಡ್ಡ ಮಾಡಿ ನೋಡಿದ. ಆವತ್ತೇ ನಾನು ಶಿಕ್ಷಣದ ಪೇಪರ್‌ಗೆ ಹೆಸರು ಕೊಟ್ಟೆ. ನೀವೂ ಡಿಗ್ರಿ ಆರಿಸುವ ಮೊದಲು ಯಾರಿಗಾದರೂ ಒಂದು ಟರ್ಮ್ ಪಾಠ ಹೇಳಿ ನೋಡಿ, ಬೇಜಾರಾದರೆ ಸಂಶೋಧನೆಯ ದಾರಿ ಇದ್ದೇ ಇದೆ.