ಅಬ್ಬಾ-ಅಮ್ಮಿ ಹಜ್‌ಗೆ ಹೊಂಟಾರ, ಎಲ್ಲೆಲ್ಲಿ ತಪ್ಪಾಗತಾವು?

ಹಳೇ ಹುಬ್ಬಳ್ಳಿ: ಈ ಸಲ ಬೆಂಗಳೂರಿಂದ ಅಬ್ಬಾ-ಅಮ್ಮಿ ಹೊಂಟಾರ್ರಿ. ತಮತ್ತೊ ಹಜ್, ಅಂದ್ರ ಮೊದಲು ಉಮ್ರಾ (ಸಣ್ಣ ಯಾತ್ರೆ) ಆಮೇಲೆ ಹಜ್. ನಾವು ಹನಫಿ ಪಂಥದವರು. ಅಬ್ಬಾಗ ಮೊಣಕಾಲು ನೋವು. ತರಬೇತಿಯಾಗ ದುವಾ ಎಲ್ಲಾ ಕಲಿಸ್ಯಾರ. ಜನ ಎಲ್ಲಿ ಎಡವತಾರ, ಯಾಕ ಅನ್ನೂದು ಬೇಕಾಗೇತಿ.

ಸವಣೂರು: ಮೊದಲ ಎಡವಟ್ಟು ವಿಮಾನದಾಗನ. ನೇರ ಜಿದ್ದಾಕ್ಕ ಹೊಂಟಿದ್ರ, ಇಳಿಯೂದಕ್ಕಿಂತ ಮೊದಲ ಮೀಕಾತ್ (ಯಾತ್ರೆಯ ವ್ರತ ತೊಡೂ ಗಡಿ) ದಾಟತೈತಿ. ಇಹ್ರಾಮ್ (ಆ ವ್ರತ) ಬಟ್ಟಿ ಬೆಂಗಳೂರಾಗ ಉಟ್ಟು ಹತ್ತಬೇಕು, ಮೀಕಾತ್ ಬರೂದ್ರೊಳಗ ನಿಯ್ಯತ್ (ಸಂಕಲ್ಪ) ಮಾಡಿ ಲಬ್ಬೈಕ್ (ಯಾತ್ರಿಕರ ಘೋಷ) ಹೇಳಬೇಕು. ನಿದ್ದಿ ಹತ್ತೂ ಮಂದಿ ಸೀಟಿನಾಗ ಕೂತ ಕೂಡಲೇ ಮಾಡಿಬಿಡೂದ ಛಲೋ. ಬಟ್ಟಿ ದೊಡ್ಡ ಲಗೇಜಿನಾಗ ಹೋತಂದ್ರ ಫಜೀತಿ. ಮೊದಲು ಮದೀನಾಕ್ಕ ಇಳಿಯೋರಿಗೆ ಈ ಅವಸರ ಇಲ್ಲ, ಅವರ ಮೀಕಾತ್ ಮದೀನಾ ಹತ್ರದ ಜುಲ್ ಹುಲೈಫಾ. ನಿಯ್ಯತ್ ಆದಮ್ಯಾಲೆ ಸುಗಂಧ ಕೂಡದು, ವಿಮಾನದಾಗ ಕೊಡೂ ಘಮಘಮಿಸೋ ಟಿಶ್ಯೂ ಮುಟ್ಟಬ್ಯಾಡ್ರಿ. ಅಬ್ಬಾಗ ಹವಾಯಿ ಚಪ್ಪಲ್, ಪಾದದ ಮ್ಯಾಲಿನ ಎಲುಬು ಕಾಣಬೇಕು. ಅಮ್ಮಿಗೆ ದಿನದ ಬಟ್ಟಿನ ಸಾಕು, ಮುಖಕ್ಕ ಬಟ್ಟಿ ತಾಗಬಾರದು.

ಗದಗ: ತವಾಫ್ (ಕಾಬಾ ಸುತ್ತೂದು) ಬಗ್ಗೆ. ಹಜರೆ ಅಸ್ವದ್ (ಕಾಬಾ ಮೂಲಿಯ ಕರಿ ಕಲ್ಲು) ಸಾಲಿಗೆ ಹಸಿರು ದೀಪ ಐತಿ, ಅಲ್ಲಿಂದ ಸುರು, ಅಲ್ಲೇ ಮುಕ್ತಾಯ. ಕಾಬಾ ಎಡಕ್ಕಿರಬೇಕು, 7 ಸುತ್ತು. ಗದ್ದಲ ತಪ್ಪಿಸಾಕ ಹತೀಮ್ ಒಳಗ ಹಾದ್ರ ಆ ಸುತ್ತು ಕೂಡಂಗಿಲ್ಲ. ಯಾಕಂದ್ರ ಅರ್ಧಚಂದ್ರ ಗ್ವಾಡಿ ಒಳಗಿನ ಆ ಜಾಗ ಕಾಬಾದ್ದ. ಕುರೈಶರು (ಮೆಕ್ಕಾದ ಬುಡಕಟ್ಟು) ಮರಳಿ ಕಟ್ಟುವಾಗ ಹಲಾಲ್ ದುಡ್ಡು ಸಾಲದ ಹೊರಗ ಬಿಟ್ಟಿದ್ದು. ಕಲ್ಲಿಗೆ ಮುತ್ತು ಕೊಡಾಕ ನುಗ್ಗೂದು ಬ್ಯಾಡೇ ಬ್ಯಾಡ. ಅದಕ್ಕ ಅತ್ತರ್ ಹಚ್ಚಿರತಾರ, ಇಹ್ರಾಮ್‌ನಾಗ ಅದು ಕೈಗೆ ಹತ್ತಿದ್ರ ಬ್ಯಾರೇ ತಲಿನೋವು. ದೂರದಿಂದ ಕೈ ಎತ್ತಿದ್ರ ಆತು.

ಸಯೀ (ಸಫಾ, ಮರ್ವಾ ಗುಡ್ಡಗಳ ನಡುವಿನ ನಡಿಗೆ) ಲೆಕ್ಕ: ಸಫಾದಿಂದ ಮರ್ವಾಕ್ಕ 1, ತಿರುಗಿ ಬಂದ್ರ 2. ಏಳನೇದು ಮರ್ವಾದಾಗ ಮುಗೀತೈತಿ. ಹೋಗಿಬರೂದನ್ನ ಒಂದು ಅಂತ ಎಣಿಸಿ 14 ಸಲ ನಡದು ಸುಸ್ತಾಗೋರು ಇರತಾರ. ಏಳು ಅಂದ್ರನ ಸುಮಾರು 3 ಕಿಲೋಮೀಟರ್. ನಡುವ ಹಸಿರು ದೀಪದ ಹತ್ರ ಗಂಡಸರು ಓಡತಾರ, ಹಾಜಿರಾ ಅವರು ತಮ್ಮ ಕೂಸು ಇಸ್ಮಾಯೀಲರಿಗೆ ನೀರು ಹುಡುಕಿ ಓಡಿದ ನೆನಪಿಗೆ. ಅಬ್ಬಾ ಓಡೂದು ಬ್ಯಾಡ, ಗಾಲಿ ಕುರ್ಚಿ ನಡೀತೈತಿ. ಈಗಿಂದನ ಉಣಕಲ್ ಕೆರಿ ದಂಡಿಗೆ ದಿನಾ ಅರ್ಧ ತಾಸು ನಡಸ್ರಿ.

ಧಾರವಾಡ: ಉಳಿದ ತಪ್ಪುಗಳನ್ನ ದಮ್ (ತಪ್ಪಿಗೆ ಕೊಡೂ ಪ್ರಾಣಿ ಬಲಿ) ಕೊಟ್ಟೋ ಮತ್ತೊಮ್ಮೆ ಮಾಡಿಯೋ ಸರಿಪಡಿಸಬಹುದು. ಆದ್ರ ಜಿಲ್‌ಹಜ್ ತಿಂಗಳ 9ನೇ ತಾರೀಖಿಗೆ ಅರಫಾತ್ ಬಯಲಾಗ ನಿಲ್ಲೂದು ತಪ್ಪಿದ್ರ ಹಜ್ಜೇ ಇಲ್ಲ. ನಮಿರಾ ಮಸೀದಿಯ ಮುಂದಿನ ಭಾಗ ಅರಫಾತ್ ಗಡಿ ಹೊರಗೈತಿ. ನಮಾಜ್ ಮುಗಿಸಿ ಅಲ್ಲೇ ಕುಂತ್ರ ಲೆಕ್ಕಕ್ಕಿಲ್ಲ. ಹಳದಿ ಫಲಕ ನೋಡಿ ಒಳಗ ಬರಬೇಕು, ಹೊತ್ತು ಮುಳುಗೂತನ ಹೊರಡಬಾರದು. ಮಗ್ರಿಬ್ (ಸಂಜಿ ನಮಾಜ್) ಅಲ್ಲಿ ಓದಬ್ಯಾಡ್ರಿ. ಮುಂದಿನ ತಂಗುದಾಣ ಮುಜ್ದಲಿಫಾಕ್ಕ ಮುಟ್ಟಿ, ಇಶಾ (ರಾತ್ರಿ ನಮಾಜ್) ಹೊತ್ತಿನಾಗ ಎರಡೂ ಕೂಡಿಸಿ ಓದ್ರಿ.

ಮೆಕ್ಕಾ ಹತ್ರದ ಮಿನಾದಾಗ ಶೈತಾನನ ಗುರುತಿಗೆ ಒಗಿಯೂ ಹರಳು ಕಡಲಿ ಕಾಳಿನಷ್ಟು. 12ಕ್ಕ ಮಿನಾ ಬಿಡೋರಿಗೆ ತಲಿಗೆ 49, 13ಕ್ಕೂ ನಿಂತ್ರ 70. ನಾಲ್ಕೈದು ಜಾಸ್ತಿ ಇರಲಿ. ಒಂದೊಂದ ಒಗೀಬೇಕು, ಏಳೂ ಒಮ್ಮೆ ಒಗೆದ್ರ ಒಂದ ಲೆಕ್ಕ. 2004ರಿಂದ ಕಂಬದ ಬದಲು ಉದ್ದ ಗ್ವಾಡಿ ಐತಿ, ಹರಳು ಅದರ ಬುಡದ ತೊಟ್ಟಿಗೆ ಬಿದ್ರ ಸಾಕು. ಇಬ್ರಾಹೀಮರು ಶೈತಾನನಿಗೆ ಹರಳು ಒಗೆದದ್ದರ ನೆನಪು ಇದು, ಸಿಟ್ಟಿನಿಂದ ಚಪ್ಪಲ್ ಒಗಿಯೂದಕ್ಕ ಅರ್ಥ ಇಲ್ಲ.

ಸವಣೂರು: ಅಬ್ಬಾ 10ಕ್ಕ ರಾತ್ರಿ ಹರಳು ಒಗಿಯಾಕ ಹೋಗಲಿ, ಗದ್ದಲ ಕಡಿಮಿ. ನಡಿಯಾಕ ಶಕ್ತಿ ಇದ್ದವರ ಹರಳು ಮತ್ತೊಬ್ಬರು ಒಗೆದ್ರ ಕೂಡಂಗಿಲ್ಲ.

ಹಾವೇರಿ: 10ನೇ ದಿನದ ಕ್ರಮ ಬಿಟ್ರಲ್ಲ. ಹನಫಿಯವರಿಗೆ ಮೊದಲು ಹರಳು, ಆಮೇಲೆ ಕುರ್ಬಾನಿ, ಆಮೇಲೆ ತಲಿ ಬೋಳಿಸೂದು. ಕುರ್ಬಾನಿ ಕೂಪನ್ ಕೊಟ್ಟ ಮಂದಿಯಿಂದ ಆಗೂದಿದ್ರ, 'ಆತು' ಅನ್ನೂ ಸುದ್ದಿ ಬರೂತನ ಕತ್ತರಿ ಹಿಡಿಯಬ್ಯಾಡ್ರಿ; ಕ್ರಮ ತಪ್ಪಿದ್ರ ದಮ್ ಬೀಳತೈತಿ. ಅಮ್ಮಿ ಬೆರಳಿನ ಒಂದು ಗೆಣ್ಣಿನಷ್ಟು ಕೂದಲ ಕತ್ತರಿಸಿದ್ರ ಸಾಕು. ತವಾಫೆ ಜಿಯಾರತ್ (ಹಜ್ಜಿನ ಕಡ್ಡಾಯ ತವಾಫ್) 12ರ ಹೊತ್ತು ಮುಳುಗೂದ್ರೊಳಗ ಆಗಬೇಕು.